ಕೋಟಿನ ಸುಕ್ಕು ಏನು ಹೇಳುತ್ತದೆ?

ಬೀಳ್ಕೊಡುಗೆ ಸಮಾರಂಭ ಹತ್ತಿರ ಬಂತು. ನಮ್ಮ ಕ್ಲಾಸಿನ ಹುಡುಗರಲ್ಲಿ ಅರ್ಧಕ್ಕರ್ಧ ಮಂದಿ ಈಗಾಗಲೇ ಕೋಟಿನ ಮಾತು ಶುರು ಮಾಡಿದ್ದಾರೆ. ಕೆಲವರಿಗೆ ಅಣ್ಣನ ಮದುವೆಯ ಕೋಟು, ಕೆಲವರಿಗೆ ಬಾಡಿಗೆಯದು, ಇನ್ನು ಕೆಲವರಿಗೆ ಅಂಗಡಿಯ ರೆಡಿಮೇಡ್. ನನ್ನ ಅಬ್ಬಾ ಟೈಲರ್ ಎಂದು ಗೊತ್ತಿರುವವರು ಒಂದು ವಾರದಿಂದ ನನ್ನನ್ನು ನಿಲ್ಲಿಸಿ, "ಇದು ನನಗೆ ಸರಿಯಾಗಿ ಕೂರುತ್ತಾ ನೋಡೋ" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೇ ಬರೆಯೋಣ ಎನಿಸಿತು. ಬರೆಯಲು ಇನ್ನೊಂದು ಕಾರಣವೂ ಇದೆ. ಕಳೆದ ಡಿಸೆಂಬರಿನಲ್ಲಿ ನಾನು ಒಬ್ಬರ ಕೋಟನ್ನು ಹಾಳು ಮಾಡುವುದರಲ್ಲಿದ್ದೆ. ಅದರಿಂದ ಕಲಿತದ್ದನ್ನೇ ಇಲ್ಲಿ ಹೇಳುತ್ತೇನೆ.

ನಮ್ಮದು ಹಳೇ ಪೇಟೆಯ ಗಲ್ಲಿಯೊಂದರಲ್ಲಿರುವ ಸಣ್ಣ ಅಂಗಡಿ. ದಾದಾ ಶುರು ಮಾಡಿದ್ದು, ಈಗ ಅಬ್ಬಾ ನಡೆಸುತ್ತಾರೆ. ಕಾಲೇಜು ಮುಗಿಸಿ ಹೋದ ಮೇಲೆ ಕಾಜಾ, ಗುಂಡಿ, ಇಸ್ತ್ರಿ ನನ್ನ ಕೆಲಸ. ಎರಡು ವರ್ಷದಿಂದ ಸಣ್ಣಪುಟ್ಟ ಆಲ್ಟ್ರೇಷನ್ ಕೂಡ ಮಾಡುತ್ತೇನೆ.

ಅವತ್ತು ಅಬ್ಬಾ ಬಟ್ಟೆ ತರಲು ಬೇರೆ ಊರಿಗೆ ಹೋಗಿದ್ದರು. ನಿವೃತ್ತರಾದ ಮೇಷ್ಟ್ರೊಬ್ಬರು ಹಳೆಯ ಬೂದು ಬಣ್ಣದ ಕೋಟು ಹಿಡಿದು ಬಂದರು. ಇಪ್ಪತ್ತು ವರ್ಷಕ್ಕೂ ಹಿಂದೆ ದಾದಾ ಹೊಲಿದುಕೊಟ್ಟಿದ್ದಂತೆ. ನಾಲ್ಕು ದಿನಕ್ಕೆ ಅವರ ಮಗಳ ಮದುವೆ. ಹಾಕಿ ತೋರಿಸಿದರು. ಹಿಂದುಗಡೆ ಕಾಲರ್ ಕುತ್ತಿಗೆಯನ್ನು ಬಿಟ್ಟು ಒಂದು ಬೆರಳು ಹೋಗುವಷ್ಟು ದೂರ ನಿಂತಿತ್ತು. ಕಾಲರ್ ಉದ್ದವಾಗಿದೆ, ಅದಕ್ಕೇ ಬಾಯಿ ಬಿಟ್ಟಿದೆ ಎಂದುಕೊಂಡೆ. ಅವರು ಹೋದ ಮೇಲೆ ಕಾಲರ್ ಬಿಚ್ಚಿ, ಅರ್ಧ ಇಂಚು ಒಳಗೆ ಹಿಡಿದು ಮತ್ತೆ ಹೊಲಿದೆ.

ಎರಡು ದಿನದ ನಂತರ ಮೇಷ್ಟ್ರು ಟ್ರಯಲ್‌ಗೆ ಬಂದರು. ಕಾಲರ್ ಇನ್ನೂ ದೂರವೇ ನಿಂತಿತ್ತು. ಅದರ ಜೊತೆಗೆ ಎರಡೂ ಭುಜದ ಮೇಲೆ ಮೊದಲು ಇಲ್ಲದ ಸುಕ್ಕುಗಳು ಎದ್ದಿದ್ದವು. ಅವರು ಕನ್ನಡಿ ನೋಡಿಕೊಂಡು, "ಪರವಾಗಿಲ್ಲ ಬಿಡಪ್ಪಾ, ಮದುವೆ ಗಲಾಟೆಯಲ್ಲಿ ನನ್ನ ಯಾರು ನೋಡ್ತಾರೆ" ಎಂದರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಅಬ್ಬಾ ಅಂಗಡಿಯಲ್ಲೇ ಇದ್ದರು. ಅವರು ಕಾಲರ್ ಮುಟ್ಟಲೇ ಇಲ್ಲ. "ಮೇಷ್ಟ್ರೇ, ನೀವು ಬಸ್ಸಿಗೆ ಕಾಯುವಾಗ ಹೇಗೆ ನಿಲ್ತೀರೋ ಹಾಗೇ ನಿಂತ್ಕೊಳ್ಳಿ" ಎಂದು ಹೇಳಿ, ನನ್ನನ್ನು ಪಕ್ಕಕ್ಕೆ ಕರೆದು, "ಕಾಲರ್ ನೋಡಬೇಡ, ಕೆಳಗಿನ ಅಂಚು ನೋಡು" ಎಂದರು. ಪಕ್ಕದಿಂದ ನೋಡಿದಾಗ ಕೋಟಿನ ಹಿಂಭಾಗದ ಅಂಚು ಮೇಲಕ್ಕೆ ಎದ್ದಿತ್ತು, ಮುಂಭಾಗ ಕೆಳಗೆ ಜೋತಿತ್ತು. ಆಗ ಗೊತ್ತಾಯಿತು. ಕೋಟು ಹೊಲಿದಾಗ ಮೇಷ್ಟ್ರು ನೆಟ್ಟಗೆ ನಿಲ್ಲುತ್ತಿದ್ದರು. ಈಗ ಬೆನ್ನು ಬಾಗಿದೆ, ತಲೆ ಮುಂದೆ ಬಂದಿದೆ. ಬಾಗಿದ ಬೆನ್ನಿಗೆ ಉದ್ದ ಜಾಸ್ತಿ ಬೇಕು. ಬೆನ್ನಿನ ಬಟ್ಟೆ ಸಾಲದೆ ಮೇಲಿನಿಂದ ಕಾಲರನ್ನೂ ಕೆಳಗಿನಿಂದ ಅಂಚನ್ನೂ ಎಳೆದುಕೊಳ್ಳುತ್ತಿತ್ತು. ತಪ್ಪು ಕಾಣಿಸಿದ್ದು ಕಾಲರಿನಲ್ಲಿ, ಇದ್ದದ್ದು ಬೆನ್ನಿನಲ್ಲಿ.

ಮೇಷ್ಟ್ರ ಕೋಟು ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ನಿಮ್ಮ ಕೋಟನ್ನು ನೀವೇ ಪರೀಕ್ಷೆ ಮಾಡುವುದು ಹೇಗೆ ಎಂದು ನೋಡೋಣ.

ಪರೀಕ್ಷೆಗೆ ನಿಲ್ಲುವ ಕ್ರಮ

ಸಮಾರಂಭಕ್ಕೆ ಹಾಕುವ ಶರ್ಟು ಮತ್ತು ಶೂಗಳನ್ನೇ ಹಾಕಿಕೊಳ್ಳಿ. ಜೇಬಿನಿಂದ ಮೊಬೈಲು, ಪರ್ಸು ತೆಗೆದಿಡಿ. ಎರಡು ಗುಂಡಿಯ ಕೋಟಾದರೆ ಮೇಲಿನದನ್ನು, ಮೂರು ಗುಂಡಿಯದಾದರೆ ನಡುವಿನದನ್ನು ಮಾತ್ರ ಹಾಕಿ. ಎದೆ ಉಬ್ಬಿಸಬೇಡಿ, ಹೊಟ್ಟೆ ಒಳಗೆಳೆಯಬೇಡಿ. ಕನ್ನಡಿ ಮುಂದೆ ಎಲ್ಲರೂ ಸಿಪಾಯಿಯ ಹಾಗೆ ನಿಲ್ಲುತ್ತಾರೆ, ಸಮಾರಂಭದಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ.

ಬೆನ್ನು ನೋಡಲು ಕತ್ತು ತಿರುಗಿಸಬೇಡಿ. ತಿರುಗಿಸಿದ ಕೂಡಲೇ ಭುಜವೂ ಕಾಲರೂ ಜರುಗಿ ಇಲ್ಲದ ಸುಕ್ಕು ಹುಟ್ಟುತ್ತದೆ. ಗೆಳೆಯನ ಕೈಗೆ ಮೊಬೈಲು ಕೊಟ್ಟು ಮುಂದೆ, ಹಿಂದೆ, ಎರಡೂ ಪಕ್ಕ, ಹೀಗೆ ನಾಲ್ಕು ಫೋಟೋ ತೆಗೆಸಿ. ಫೋಟೋ ನಿಮ್ಮ ಸೊಂಟದ ಎತ್ತರದಿಂದ ತೆಗೆದದ್ದಾಗಿರಲಿ. ತಲೆಯ ಎತ್ತರದಿಂದ ತೆಗೆದರೆ ಕೋಟಿನ ಉದ್ದ ಸರಿಯಾಗಿ ಕಾಣುವುದಿಲ್ಲ.

ಸುಕ್ಕಿನ ಭಾಷೆ

ಸುಕ್ಕುಗಳು ಸಿಕ್ಕಾಪಟ್ಟೆ ಕಂಡರೂ ಅವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಬಿಗಿಯಾದ ಬಟ್ಟೆಯ ಸುಕ್ಕು. ಇದು ಗೆರೆ ಎಳೆದಂತೆ ನೇರವಾಗಿ, ಚೂಪಾಗಿ ಇರುತ್ತದೆ. ಶಾಮಿಯಾನದ ಹಗ್ಗ ಗೂಟದ ಕಡೆಗೆ ಎಳೆದಂತೆ, ಬಿಗಿ ಎಲ್ಲಿದೆಯೋ ಅಲ್ಲಿಗೇ ಬೆರಳು ತೋರಿಸುತ್ತದೆ. ಇನ್ನೊಂದು, ಹೆಚ್ಚಾದ ಬಟ್ಟೆಯ ಮಡಿಕೆ. ಇದು ಮೆತ್ತಗೆ, ದುಂಡಗೆ ಬಿದ್ದಿರುತ್ತದೆ. ಮಡಿಕೆ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಅಗಲ ಜಾಸ್ತಿಯಾಗಿದೆ ಎಂದರ್ಥ. ಅಡ್ಡಕ್ಕೆ ಬಿದ್ದಿದ್ದರೆ ಆ ಜಾಗದಲ್ಲಿ ಉದ್ದ ಜಾಸ್ತಿಯಾಗಿದೆ.

ಬಿಗಿಯೋ ಸಡಿಲವೋ ಗೊತ್ತಾಗದಿದ್ದರೆ ಕೈಯಿಂದಲೇ ಕೇಳಿ. ಹೆಚ್ಚಾದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಗುಂಡುಪಿನ್ನು ಚುಚ್ಚಿ. ಸುಕ್ಕು ಹೋದರೆ ಕಾರಣ ಅದೇ. ಬಿಗಿ ಎಂದು ಅನುಮಾನವಿದ್ದರೆ ಗುಂಡಿ ಬಿಚ್ಚಿ ನೋಡಿ. ಬಿಚ್ಚಿದೊಡನೆ ಸುಕ್ಕು ಮಾಯವಾದರೆ ಉತ್ತರ ಸಿಕ್ಕಿತು. ಯಾವುದೇ ಹೊಲಿಗೆ ಬಿಚ್ಚುವ ಮೊದಲು ಪಿನ್ನು ಹಾಕಿ ನೋಡಬೇಕು. ನಾನು ಮೇಷ್ಟ್ರ ಕಾಲರಿಗೆ ಪಿನ್ನು ಹಾಕಿ ನೋಡಿದ್ದರೆ ಆಗಲೇ ತಪ್ಪು ತಿಳಿಯುತ್ತಿತ್ತು.

ಮೇಲಿನಿಂದ ಕೆಳಕ್ಕೆ

ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತದೆ, ಕೋಟು ಕುತ್ತಿಗೆ ಮತ್ತು ಭುಜದಿಂದ ತೂಗುತ್ತದೆ. ಆದ್ದರಿಂದ ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಬೇಕು. ಭುಜದ ತಪ್ಪು ಉಳಿಸಿಕೊಂಡು ಸೊಂಟ ಸರಿ ಮಾಡಿದರೆ ಆಮೇಲೆ ಎರಡನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಭುಜ: ಗೋಡೆಯ ಪಕ್ಕಕ್ಕೆ ನಿಂತು ಮೆಲ್ಲಗೆ ಹತ್ತಿರ ಸರಿಯಿರಿ. ನಿಮ್ಮ ತೋಳು ತಾಗುವ ಮೊದಲೇ ಕೋಟಿನ ಪ್ಯಾಡು ಗೋಡೆಗೆ ತಾಗಿದರೆ ಭುಜ ಅಗಲವಾಗಿದೆ. ತೋಳು ಶುರುವಾಗುವ ಕಡೆ ಬಟ್ಟೆ ಒಳಕ್ಕೆ ಕುಸಿದು ಗುಳಿ ಬಿದ್ದಿದ್ದರೂ ಸಾಮಾನ್ಯವಾಗಿ ಇದೇ ಕಾರಣ. ಇದನ್ನು ಚಿಕ್ಕದು ಮಾಡಬೇಕಾದರೆ ತೋಳು ಬಿಚ್ಚಿ, ಭುಜ ಕತ್ತರಿಸಿ, ಪ್ಯಾಡು ಸರಿ ಮಾಡಿ, ಮತ್ತೆ ತೋಳು ಕೂರಿಸಬೇಕು. ಒಂದೊಂದು ಕಡೆ ಅರ್ಧ ಇಂಚಿಗಿಂತ ಜಾಸ್ತಿ ಇದ್ದರೆ ಅಬ್ಬಾ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಭುಜ ಕಿರಿದಾಗಿದ್ದರಂತೂ ಇಲ್ಲದ ಬಟ್ಟೆಯನ್ನು ಎಲ್ಲಿಂದ ತರುವುದು? ಅಂಥ ಕೋಟು ಕೊಳ್ಳಬೇಡಿ.

ತಗ್ಗಿದ ಭುಜ: ಬಹಳ ಜನರಿಗೆ ಒಂದು ಭುಜ ಇನ್ನೊಂದಕ್ಕಿಂತ ಸ್ವಲ್ಪ ತಗ್ಗಿರುತ್ತದೆ. ತಗ್ಗಿದ ಕಡೆ ಕಂಕುಳ ಕೆಳಗೆ, ಬೆನ್ನಿನಲ್ಲಿ ಓರೆಯಾದ ಮಡಿಕೆಗಳು ಬೀಳುತ್ತವೆ. ಒಂದು ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಆ ಭುಜದ ಒಳಗೆ ಇಡಿ. ಮಡಿಕೆಗಳು ಹೋದರೆ ರೋಗವೂ ಮದ್ದೂ ಒಟ್ಟಿಗೇ ಸಿಕ್ಕಿದಂತೆ. ಟೈಲರ್ ಹತ್ತಿರ ಹೋಗಿ ಆ ಕಡೆಗೆ ಮಾತ್ರ ಇನ್ನೊಂದು ತೆಳು ಪ್ಯಾಡು ಹಾಕಿಸಿ. ಹೆಚ್ಚು ಖರ್ಚಿನ ಕೆಲಸವಲ್ಲ.

ಕಾಲರ್: ಶರ್ಟಿನ ಕಾಲರಿಗೆ ಕೋಟಿನ ಕಾಲರ್ ಹಿಂದಿನಿಂದ ಅಂಟಿ ನಿಲ್ಲಬೇಕು. ದೂರ ನಿಂತಿದ್ದರೆ ನನ್ನ ಹಾಗೆ ತಕ್ಷಣ ಕಾಲರಿಗೆ ಕೈ ಹಾಕಬೇಡಿ, ಪಕ್ಕದಿಂದ ಅಂಚು ನೋಡಿ. ಹಿಂದಿನ ಅಂಚು ಎದ್ದಿದ್ದರೆ ಬೆನ್ನಿನ ಉದ್ದ ಸಾಲದು. ಅಂಚು ಸಮವಾಗಿದ್ದೂ ಕಾಲರ್ ದೂರ ನಿಂತಿದ್ದರೆ ಮಾತ್ರ ಕಾಲರಿನ ಮೇಲೆ ಅನುಮಾನ ಪಡಬಹುದು. ದಿನವಿಡೀ ಮೊಬೈಲಿಗೆ ತಲೆ ಬಗ್ಗಿಸಿ ಕೂರುವ ನಮ್ಮ ವಯಸ್ಸಿನವರಲ್ಲೂ ಮೇಷ್ಟ್ರ ಕೋಟಿನ ತೊಂದರೆಯೇ ಕಾಣುತ್ತಿದೆ ಎಂದು ಅಬ್ಬಾ ಹೇಳುತ್ತಾರೆ.

ಕಾಲರ್ ಕೆಳಗಿನ ಮಡಿಕೆ: ಕುತ್ತಿಗೆಯ ಕೆಳಗೆ, ಬೆನ್ನಿನ ಮೇಲೆ ಅಡ್ಡಕ್ಕೆ ಒಂದು ದಪ್ಪ ಮಡಿಕೆ ಬಿದ್ದಿರುತ್ತದೆ. ಬಾಡಿಗೆ ಕೋಟುಗಳಲ್ಲಿ ಇದು ಮಾಮೂಲು. ಅಡ್ಡ ಮಡಿಕೆ ಎಂದರೆ ಉದ್ದ ಜಾಸ್ತಿ ಎಂದು ಆಗಲೇ ಹೇಳಿದೆ. ಭುಜಗಳು ಚೌಕವಾಗಿರುವವರಿಗೆ, ಎದೆ ಎತ್ತಿ ನಿಲ್ಲುವವರಿಗೆ ಹೀಗಾಗುತ್ತದೆ. ಕಾಲರ್ ಬಿಚ್ಚಿ, ಬೆನ್ನಿನ ಕುತ್ತಿಗೆಯನ್ನು ಸ್ವಲ್ಪ ಕೆಳಗಿಳಿಸಿ, ಕಾಲರ್ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಪ್ಯಾಡು ದಪ್ಪವಾಗಿದ್ದರೆ ತೆಳುವಾದದ್ದು ಹಾಕಿದರೂ ಕೆಲವೊಮ್ಮೆ ಸಾಕು.

ಸೊಂಟ: ಗುಂಡಿ ಹಾಕಿದಾಗ ಅದರ ಸುತ್ತ ಗುಣಾಕಾರದ ಚಿಹ್ನೆಯಂತೆ ನಾಲ್ಕು ಕಡೆಗೆ ಸುಕ್ಕು ಹರಡಿದರೆ ಕೋಟು ಬಿಗಿ. ಗುಂಡಿಯ ಹಿಂದೆ ಅಂಗೈ ಚಪ್ಪಟೆಯಾಗಿ ಸಲೀಸಾಗಿ ಹೋಗಬೇಕು. ಬಹಳ ಜನ ಗುಂಡಿಯನ್ನೇ ಸರಿಸಿಕೊಡಿ ಎನ್ನುತ್ತಾರೆ. ಅರ್ಧ ಇಂಚಿನವರೆಗೆ ಸರಿಸಬಹುದು. ಅದಕ್ಕಿಂತ ಹೆಚ್ಚಾದರೆ ಮುಂಭಾಗದ ಎರಡು ಅಂಚುಗಳ ಸೇರುವಿಕೆಯೇ ಕೆಡುತ್ತದೆ.

ಇದಕ್ಕೆ ಸರಿಯಾದ ದಾರಿ ಹಿಂದಿನ ಹೊಲಿಗೆಗಳನ್ನು ಬಿಡಿಸುವುದು. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಹೊಲಿಗೆ ಎಂದರೆ ಎರಡು ತುಂಡುಗಳ ಸೇರುವಿಕೆ. ಹೊಲಿಗೆಯನ್ನು ಕಾಲು ಇಂಚು ಹೊರಗೆ ಸರಿಸಿದರೆ ಎರಡು ತುಂಡಿನಿಂದಲೂ ಕಾಲು ಕಾಲು ಸೇರಿ ಅರ್ಧ ಇಂಚು ಸಿಗುತ್ತದೆ. ಬೆನ್ನಿನ ನಡುವೆ ಒಂದು, ಎರಡು ಪಕ್ಕದಲ್ಲಿ ಎರಡು, ಒಟ್ಟು ಮೂರು ಹೊಲಿಗೆ. ಮೂರು ಅರ್ಧ ಸೇರಿದರೆ ಒಂದೂವರೆ ಇಂಚು. ಒಳಗೆ ಮಾರ್ಜಿನ್ ಬಟ್ಟೆ ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಅಸ್ತರಿನ ಕೆಳಗೆ ಬೆರಳಿನಿಂದ ತಡವಿ ನೋಡಿ, ಹೊಲಿಗೆಯ ಆಚೆ ಎಷ್ಟು ಬಟ್ಟೆ ಇದೆ ಎಂದು ಅಂದಾಜು ಸಿಗುತ್ತದೆ. ಅಗ್ಗದ ರೆಡಿಮೇಡ್ ಕೋಟುಗಳಲ್ಲಿ ಬಟ್ಟೆ ಉಳಿಸಲು ಮಾರ್ಜಿನ್ ಕಡಿಮೆ ಬಿಟ್ಟಿರುತ್ತಾರೆ.

ತೋಳು: ತೋಳಿನ ಮೇಲೆ ಓರೆಯಾಗಿ ಸುತ್ತಿಕೊಂಡಂತೆ ಸುಕ್ಕುಗಳಿದ್ದರೆ ಕೈಯನ್ನು ನಿಧಾನವಾಗಿ ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತನ್ನಿ. ಯಾವ ಜಾಗದಲ್ಲಿ ಸುಕ್ಕು ಮಾಯವಾಗುತ್ತದೋ, ಟೈಲರ್ ನಿಮ್ಮ ಕೈ ಅಲ್ಲಿ ಇರುತ್ತದೆ ಎಂದುಕೊಂಡು ತೋಳು ಕೂರಿಸಿದ್ದಾನೆ. ನಿಮ್ಮ ಕೈ ಸಹಜವಾಗಿ ಅಲ್ಲಿ ಇಳಿಯುವುದಿಲ್ಲ, ಅಷ್ಟೇ. ತೋಳು ಬಿಚ್ಚಿ ಸ್ವಲ್ಪ ತಿರುಗಿಸಿ ಕೂರಿಸಿದರೆ ಸರಿಯಾಗುತ್ತದೆ. ಉದ್ದದ ವಿಷಯಕ್ಕೆ ಬಂದರೆ, ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ನಿಂತು, ಶರ್ಟಿನ ಕಫ್ ಕಾಲರಿಂದ ಅರ್ಧ ಇಂಚಿನಷ್ಟು ಹೊರಗೆ ಕಾಣಬೇಕು. ತುದಿಯಲ್ಲಿ ನಿಜವಾದ ಕಾಜಾ ಕತ್ತರಿಸಿರದಿದ್ದರೆ ಇದು ಸುಲಭದ ಕೆಲಸ.

ಕಂಕುಳ ಸುತ್ತಳತೆ: ಇದು ನನಗೆ ಬಹಳ ದಿನ ಅರ್ಥವಾಗದ ಸಂಗತಿ. ಕೈ ಎತ್ತಿದರೆ ಇಡೀ ಕೋಟು ಮೇಲೇಳುತ್ತದೆ ಎಂದು ಗಿರಾಕಿಗಳು ದೂರುತ್ತಾರೆ, ಕಂಕುಳಲ್ಲಿ ಇನ್ನೂ ಸಡಿಲ ಮಾಡಿ ಎಂದು ಕೇಳುತ್ತಾರೆ. ಆದರೆ ನಿಜ ಇದಕ್ಕೆ ತಿರುಗುಮುರುಗು. ಕಂಕುಳ ಭಾಗ ಕೆಳಗೆ ಇಳಿದಷ್ಟೂ ಕೈ ಎತ್ತಿದಾಗ ತೋಳು ಕೋಟಿನ ಮೈಯನ್ನೂ ಜೊತೆಗೆ ಎತ್ತುತ್ತದೆ. ಅದು ಕಂಕುಳಿಗೆ ಹತ್ತಿರವಾಗಿದ್ದರೆ ಕೈ ಮಾತ್ರ ಏಳುತ್ತದೆ, ಮೈ ಇದ್ದಲ್ಲೇ ಇರುತ್ತದೆ. ದುಆಗೆ ಕೈ ಎತ್ತುವಂತೆ ಎರಡೂ ಕೈ ಎತ್ತಿ ನೋಡಿ, ತಿಳಿಯುತ್ತದೆ. ಒಮ್ಮೆ ಕೆಳಗೆ ಕತ್ತರಿಸಿದ್ದನ್ನು ಮತ್ತೆ ಮೇಲೆ ತರಲು ಆಗುವುದಿಲ್ಲ.

ಉದ್ದ: ಕೋಟು ಸೀಟನ್ನು ಮುಚ್ಚಿದರೆ ಸಾಕು. ಸ್ವಲ್ಪ ಉದ್ದವಿದ್ದರೆ ಅರ್ಧ, ಮುಕ್ಕಾಲು ಇಂಚು ಕಡಿಮೆ ಮಾಡಬಹುದು. ಇನ್ನೂ ಜಾಸ್ತಿ ಕತ್ತರಿಸಿದರೆ ಜೇಬುಗಳು ಅಂಚಿಗೆ ತೀರಾ ಹತ್ತಿರ ಬಂದು ನೋಟ ಕೆಡುತ್ತದೆ.

ಎರಡು ಎಚ್ಚರಿಕೆ

ಬಾಡಿಗೆ ಅಂಗಡಿಯಲ್ಲಿ ಕನ್ನಡಿ ಮುಂದೆ ನಿಲ್ಲಿಸಿ ಹಿಂದುಗಡೆ ಒಂದು ಕ್ಲಿಪ್ಪು ಹಾಕುವುದುಂಟು. ಮುಂದಿನಿಂದ ಎಲ್ಲವೂ ಚೆಂದ ಕಾಣುತ್ತದೆ. ಕ್ಲಿಪ್ಪು ತೆಗೆಸಿ ನೋಡಿ.

ಎರಡನೆಯದು, ಎದೆಯ ಮೇಲೆ ಗುಳ್ಳೆ ಎದ್ದ ಕೋಟು. ಒಳ್ಳೆಯ ಕೋಟಿನ ಎದೆಯೊಳಗೆ ಕ್ಯಾನ್ವಾಸನ್ನು ಹೊಲಿದು ಕೂರಿಸುತ್ತಾರೆ, ಅಗ್ಗದ್ದರಲ್ಲಿ ಒಳಪದರವನ್ನು ಶಾಖ ಕೊಟ್ಟು ಅಂಟಿಸಿರುತ್ತಾರೆ. ಮನೆಯಲ್ಲಿ ನೀರಿಗೆ ಹಾಕಿ ಒಗೆದರೆ, ಅತಿ ಬಿಸಿ ಇಸ್ತ್ರಿ ಇಟ್ಟರೆ ಆ ಅಂಟು ಬಿಟ್ಟುಕೊಂಡು ಗುಳ್ಳೆ ಏಳಬಹುದು. ಇದು ಅಳತೆಯ ತಪ್ಪಲ್ಲ, ಹೊಲಿಗೆಯಿಂದ ಸರಿಹೋಗುವುದೂ ಇಲ್ಲ. ಅಣ್ಣನ ಕೋಟು ಕೇಳಿ ತಂದವರು ಒಗೆದು ಕೊಡುವ ಉಪಕಾರ ಮಾಡಲು ಹೋಗಬೇಡಿ, ಡ್ರೈಕ್ಲೀನಿಂಗಿಗೆ ಕೊಡಿ.

ಒಟ್ಟಿನಲ್ಲಿ ಕೊಳ್ಳುವಾಗ ಹೀಗೆ ನೆನಪಿಡಿ. ತೋಳಿನ ಉದ್ದ, ಸೊಂಟ ಹಿಡಿಸುವುದು, ಪ್ಯಾಡು, ಗುಂಡಿ ಇವೆಲ್ಲ ಸುಲಭ. ಬೆನ್ನಿನ ಉದ್ದ, ಕಾಲರ್, ತೋಳು ತಿರುಗಿಸುವುದು ಕಷ್ಟ, ಆದರೆ ಆಗುತ್ತದೆ. ಕಿರಿದಾದ ಭುಜ, ಇಳಿದ ಕಂಕುಳ, ಮಾರ್ಜಿನ್ ಇಲ್ಲದ ಬಿಗಿ ಕೋಟು ಯಾರ ಕೈಯಲ್ಲೂ ಸರಿಯಾಗದು. ಎರಡು ಕೋಟುಗಳ ನಡುವೆ ಆಯ್ಕೆ ಇದ್ದರೆ ಭುಜ ಸರಿಯಾಗಿ ಕೂರುವುದನ್ನೇ ತೆಗೆದುಕೊಳ್ಳಿ, ಸೊಂಟ ಸಡಿಲವಿದ್ದರೂ ಚಿಂತೆಯಿಲ್ಲ.

ಮೇಷ್ಟ್ರ ಕೋಟು

ಆ ಸಂಜೆ ಮೇಷ್ಟ್ರು ಹೋದ ಮೇಲೆ ಅಬ್ಬಾ ಒಂದೇ ಪ್ರಶ್ನೆ ಕೇಳಿದರು: "ಬೇಟಾ, ಕತ್ತರಿ ಹಾಕಿದೆಯಾ?" ಹಾಕಿರಲಿಲ್ಲ. ಟ್ರಯಲ್ ಆಗುವವರೆಗೆ ಬಿಚ್ಚಬಹುದು, ಮಡಚಬಹುದು, ಕತ್ತರಿಸಬಾರದು ಎನ್ನುವುದು ನಮ್ಮ ಅಂಗಡಿಯ ನಿಯಮ. ಅಷ್ಟನ್ನು ಮಾತ್ರ ನಾನು ಪಾಲಿಸಿದ್ದೆ. ಕಾಲರಿನ ಅರ್ಧ ಇಂಚು ಒಳಗೇ ಇತ್ತು. ಅಬ್ಬಾ ಉಸಿರು ಬಿಟ್ಟರು.

ಮಗ್ರಿಬ್ ನಮಾಜ್ ಮುಗಿಸಿ ಬಂದು ಕೂತೆವು. ಕಾಲರ್ ಬಿಚ್ಚಿದೆವು, ಅಸ್ತರ್ ಬಿಚ್ಚಿದೆವು, ತೋಳುಗಳ ಮೇಲ್ಭಾಗ ಬಿಚ್ಚಿ ಭುಜದ ಹೊಲಿಗೆಯನ್ನೂ ತೆಗೆದೆವು. ಬೆನ್ನಿನ ತುಂಡಿನ ಮೇಲಂಚಿನಲ್ಲಿ, ಕುತ್ತಿಗೆಯಿಂದ ಭುಜದವರೆಗೆ, ಒಂದು ಇಂಚು ಬಟ್ಟೆ ಮಡಚಿ ಒಳಗೆ ಇಟ್ಟಿತ್ತು. ಹೊರಗಿನ ಬಟ್ಟೆ ಮಾಸಿದ್ದರೂ ಆ ಮಡಿಕೆಯ ಬೂದು ಬಣ್ಣ ಹೊಸದರಂತೆಯೇ ಇತ್ತು. ಅದು ದಾದಾ ಬಿಟ್ಟ ಮಾರ್ಜಿನ್. ಮನುಷ್ಯನ ಮೈ ಇದ್ದ ಹಾಗೇ ಇರುವುದಿಲ್ಲ, ಅದಕ್ಕೆ ಜಾಗ ಬಿಡಬೇಕು ಎಂದು ದಾದಾ ಹೇಳುತ್ತಿದ್ದರಂತೆ. ನಾನು ಚಿಕ್ಕವನಿದ್ದಾಗಲೇ ಅವರು ತೀರಿಕೊಂಡರು. ಅವರ ಕೆಲಸವನ್ನು ಒಳಗಿನಿಂದ ನೋಡಿದ್ದು ಅವತ್ತೇ ಮೊದಲು.

ಅದರಲ್ಲಿ ಮುಕ್ಕಾಲು ಇಂಚು ಬಿಟ್ಟು ಬೆನ್ನನ್ನು ಮೇಲೆತ್ತಿ ಕಚ್ಚಾ ಹೊಲಿಗೆ ಹಾಕಿದೆವು. ಬೆಳಿಗ್ಗೆ ಮೇಷ್ಟ್ರ ಮನೆಗೇ ಹೋಗಿ ಹಾಕಿ ನೋಡಿದೆವು. ಕಾಲರ್ ಬಂದು ಕುತ್ತಿಗೆಗೆ ಕೂತಿತು. ಕೆಳಗಿನ ಅಂಚು ಸಮವಾಯಿತು. ಭುಜದ ಸುಕ್ಕುಗಳೂ ಹೋದವು, ಏಕೆಂದರೆ ಅವನ್ನು ಹುಟ್ಟಿಸಿದ್ದ ನನ್ನ ಅರ್ಧ ಇಂಚನ್ನು ವಾಪಸ್ ಬಿಟ್ಟಿದ್ದೆವು. ಮಧ್ಯಾಹ್ನ ಪಕ್ಕಾ ಹೊಲಿಗೆ ಹಾಕಿ ಇಸ್ತ್ರಿ ಮಾಡಿ ಕೊಟ್ಟೆವು. ಅಬ್ಬಾ ಹಣ ತೆಗೆದುಕೊಳ್ಳಲಿಲ್ಲ. ಅದರ ಮರುದಿನ ಮದುವೆಗೆ ಹೋದಾಗ ಮೇಷ್ಟ್ರು ಬಾಗಿಲಲ್ಲೇ ನಿಂತು ಬಂದವರನ್ನು ಸ್ವಾಗತಿಸುತ್ತಿದ್ದರು. ಬೆನ್ನು ಬಾಗಿಯೇ ಇತ್ತು, ಆದರೆ ಕೋಟು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ನಿಮ್ಮ ಕೋಟುಗಳನ್ನು ಈ ವಾರವೇ ಹಾಕಿ ನೋಡಿ. ಏನಾದರೂ ತಪ್ಪು ಕಂಡರೆ ಸಮಾರಂಭಕ್ಕೆ ಕನಿಷ್ಠ ಹತ್ತು ದಿನ ಮೊದಲು ಟೈಲರ್ ಹತ್ತಿರ ಹೋಗಿ. "ಕಾಲರ್ ಚಿಕ್ಕದು ಮಾಡಿ" ಎಂದು ಹೇಳಬೇಡಿ. "ಕಾಲರ್ ದೂರ ನಿಲ್ಲುತ್ತಿದೆ, ಯಾಕೆ ನೋಡಿ" ಎಂದು ಕೇಳಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ